ಕೇಳುವುದೂ ಆರೈಕೆ, ಹೇಳುವುದೂ ಆರೈಕೆ

(ರೋಗಿಗಳು ಹಾಗೂ ಅವರ ಬಂಧುಗಳ ಸಭೆಯಲ್ಲಿ ಹಿರಿಯ ಶುಶ್ರೂಷಕಿಯೊಬ್ಬರು ಆಡಿದ ಮಾತುಗಳು)



ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು, ಕೂಲಿ ಬಿಟ್ಟು ಬಂದಿದ್ದೀರಿ. ಗುಳಿಗೆ, ಸೂಜಿ, ಸಲಾಯಿನ್ ಬಗ್ಗೆ ವೈದ್ಯರು ಹೇಳುತ್ತಾರೆ. ನಾನು ಮಾತಿನ ಬಗ್ಗೆ ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳುವೆ. ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದಾಗ, ಸಕ್ಕರೆ ಕಾಯಿಲೆಯ ಮುತ್ಯಾ ಒಬ್ಬರನ್ನು ಮನೆಗೆ ಕಳಿಸುತ್ತಿದ್ದೆ. ಮಗನಿಗೆ ಗುಳಿಗೆಯ ವಿಷಯ ಹೇಳಿ, "ತಿಳೀತೇನಪ್ಪಾ?" ಎಂದೆ. "ಹೂನ್ರಿ ಅಕ್ಕೋರ" ಎಂದ. ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದುಕೊಂಡೆ. ಮಗ ಮರುದಿನವೇ ದುಡಿಯಲು ಬೆಂಗಳೂರಿಗೆ ಹೋದ. ಮನೆಯಲ್ಲಿ ಗುಳಿಗೆ ಕೊಡುವವಳು ಸೊಸೆ. ಆಕೆಗೆ ನಾನೂ ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಶ್ರಾವಣ ಸೋಮವಾರ ಮುತ್ಯಾ ಉಪವಾಸವಿದ್ದರು. ಗುಳಿಗೆ ತಪ್ಪಬಾರದೆಂದು ಸೊಸೆ ನೆನಪಿಟ್ಟು ಕೊಟ್ಟಳು. ಮಧ್ಯಾಹ್ನಕ್ಕೆ ಮೈಯೆಲ್ಲ ಬೆವರು, ತೊದಲು ಮಾತು, ಆಮೇಲೆ ಎಚ್ಚರ ತಪ್ಪಿತು. ರಕ್ತದ ಸಕ್ಕರೆ ತೀರಾ ಇಳಿದಿತ್ತು. ಬೇಗ ಕರೆತಂದದ್ದರಿಂದ ಜೀವ ಉಳಿಯಿತು. ಸೊಸೆಯದೇನೂ ತಪ್ಪಿರಲಿಲ್ಲ. ನನ್ನ ಮಾತು ಅರ್ಧ ದಾರಿಯಲ್ಲೇ ನಿಂತಿತ್ತು.

ಅಂದಿನಿಂದ "ತಿಳೀತಾ?" ಎಂದು ಕೇಳುವುದನ್ನು ಬಿಟ್ಟೆ. "ಮನಿಗಿ ಹೋಗಿ ಹ್ಯಾಂಗ ಕೊಡ್ತಿ, ನನಗ ಹೇಳವ್ವ" ಎನ್ನುತ್ತೇನೆ. ನಾನು ಸರಿಯಾಗಿ ಹೇಳಿದೆನೇ ಎಂದು ನೋಡಲು ಹೀಗೆ ಕೇಳುತ್ತೇನೆ, ನಾಚಿಕೊಳ್ಳಬೇಡಿರಿ. ನಾವು ಕೇಳದಿದ್ದರೆ ನೀವೇ ತಿರುಗಿ ಹೇಳಿ ತೋರಿಸಿರಿ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಊಟಕ್ಕೆ ಮೊದಲೋ ನಂತರವೋ, ಉಪವಾಸವಿದ್ದರೆ ಏನು ಮಾಡಬೇಕು ಎಂದು ಕೇಳಿರಿ. ಮೂರು ಸಲ ಕೇಳಿದರೂ ತಪ್ಪಿಲ್ಲ. ಸಕ್ಕರೆ ಇಳಿದಾಗ ಎಚ್ಚರವಿದ್ದರೆ ಸಕ್ಕರೆ ನೀರು ಕೊಡಿರಿ. ಎಚ್ಚರವಿಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ತನ್ನಿರಿ.

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿರಿ. ಊರಲ್ಲಿ ಹಾಕಿಸಿಕೊಂಡ ಸೂಜಿ, ನಾಟಿ ಔಷಧ, ನಡುವೆ ಬಿಟ್ಟ ಗುಳಿಗೆ, ಕುಡಿತ, ತಂಬಾಕು ಎಲ್ಲವನ್ನೂ ಹೇಳಿರಿ. ಹಳೆಯ ಚೀಟಿಗಳನ್ನು ತನ್ನಿರಿ. "ಎದಿ ಉರೀತದ", "ಜೀವ ಕಳವಳ ಆಗ್ತದ" ಎಂದು ನಿಮ್ಮ ಮಾತಿನಲ್ಲೇ ಹೇಳಿರಿ. ಲಂಬಾಣಿ, ತೆಲುಗು, ಉರ್ದು ಮಾತ್ರ ಬರುವವರು ಆ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಜೊತೆಗೆ ಕರೆತನ್ನಿರಿ. ಸಣ್ಣ ಮಕ್ಕಳ ಮೇಲೆ ಆ ಭಾರ ಬೇಡ.

ರೋಗಿಯ ಹತ್ತಿರ ಕೂಡುವವರೇ, ಹಿರಿಯರ ವಿಷಯವನ್ನು ಮೊದಲು ಅವರನ್ನೇ ಕೇಳಿರಿ. ಕಿವಿ ಮಂದವಿದ್ದರೆ ಕೂಗದೆ, ಮುಖ ಕಾಣುವಂತೆ ಎದುರು ಕುಳಿತು ನಿಧಾನವಾಗಿ ಹೇಳಿರಿ. ಲಕ್ವಾ ಹೊಡೆದು ಬಾಯಿ ಬಿದ್ದವರಿಗೆ ಎಷ್ಟೋ ಸಲ ನಮ್ಮ ಮಾತು ತಿಳಿಯುತ್ತಿರುತ್ತದೆ. "ಇನ್ನ ಇವರದ ಮುಗೀತು" ಎಂದು ಹಾಸಿಗೆಯ ಪಕ್ಕ ಆಡಿದ್ದು ಅವರ ಎದೆಗೆ ನಾಟುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿರಿ: "ನೋವು ಅದ ಏನ್ರಿ?" ಹೌದಾದರೆ ಕೈ ಒತ್ತಲಿ. ಉತ್ತರಕ್ಕೆ ಕಾಯಿರಿ. ನುಂಗಲು ಬರುತ್ತದೆಯೇ ಎಂದು ನಾವು ನೋಡುವವರೆಗೆ ನೀರನ್ನೂ ಕೊಡಬೇಡಿರಿ.

ಯಾರಿಗಾದರೂ ಒಮ್ಮೆಲೇ ಮಾತು ತೊದಲಿ, ಬಾಯಿ ಸೊಟ್ಟಾಗಿ, ಕೈ ಸೋತರೆ ಕೂಡಲೇ 108ಕ್ಕೆ ಫೋನ್ ಮಾಡಿರಿ. ಶುರುವಾದ ಹೊತ್ತನ್ನು ನೆನಪಿಟ್ಟು ಹೇಳಿರಿ. ಹೆಪ್ಪು ಕರಗಿಸುವ ಸೂಜಿಯನ್ನು ಸಾಮಾನ್ಯವಾಗಿ ಮೊದಲ 4½ ಗಂಟೆಯೊಳಗೆ ಮಾತ್ರ ಕೊಡಲಾಗುತ್ತದೆ.

ಆದ್ಯ ವಚನಕಾರರೆನಿಸಿದ ದೇವರ ದಾಸಿಮಯ್ಯನವರು ಇದೇ ಸುರಪುರ ಸೀಮೆಯ ಮುದನೂರಿನವರು, ನೇಕಾರರು. ಎಳೆಗೆ ಎಳೆ ಸೇರದೆ ಬಟ್ಟೆಯಾಗದು. ವೈದ್ಯರು, ಶುಶ್ರೂಷಕಿಯರು, ಹಗಲು ಕುಳಿತ ಮಗ, ರಾತ್ರಿ ಬರುವ ಸೊಸೆ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕು. ಇಂದು ಸಂಜೆ ನೀವು ಎದ್ದು ಇನ್ನೊಬ್ಬರು ಕೂಡುವಾಗ ಇಷ್ಟು ಹೇಳಿ ಹೋಗಿರಿ: ಏನು ಉಂಡರು, ಯಾವ ಗುಳಿಗೆ ಆಯಿತು, ಎಲ್ಲಿ ನೋವು ಎಂದರು.

ಎಲ್ಲರೂ ಗುಣವಾಗಿ ಮನೆ ಸೇರಿರಿ.