ಸಂಜೆಯೊಳಗೆ ಕೂಲಿ

ದೈವಶಾಸ್ತ್ರದ ಪದವಿ ಪಡೆದು ಹೊರಡುತ್ತಿರುವ ಗೆಳೆಯರೇ,

ದೇವರ ಪರಿಶುದ್ಧತೆ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಯೆಶಾಯನ 6ನೇ ಅಧ್ಯಾಯ. ಅರಸ ಉಜ್ಜೀಯ ತೀರಿಕೊಂಡ ವರ್ಷ ಅದು. ತಾನೇ ಧೂಪ ಹಾಕುತ್ತೇನೆಂದು ಸೊಕ್ಕಿನಿಂದ ದೇವಾಲಯಕ್ಕೆ ನುಗ್ಗಿ ಕುಷ್ಠ ಹತ್ತಿಸಿಕೊಂಡ ಉಜ್ಜೀಯ. ಯೆಶಾಯನಿಗಾದ ದರ್ಶನದಲ್ಲಿ ಆಲಯದ ತುಂಬ ಹೊಗೆ, ನಡುಗುವ ಹೊಸ್ತಿಲು, ರೆಕ್ಕೆಗಳಿಂದ ಮುಖ ಮುಚ್ಚಿಕೊಂಡ ಸೆರಾಫಿಯರು. ಪ್ರವಾದಿ ಹೆದರುತ್ತಾನೆ, ಹೆದರಬೇಕಾದದ್ದೇ. ಆದರೆ ನಮ್ಮ ಪ್ರಸಂಗಗಳು ಎಷ್ಟೋ ಸಲ ಆ ಹೊಗೆಯಲ್ಲೇ ನಿಂತುಬಿಡುತ್ತವೆ. ಸೆರಾಫಿಯೊಬ್ಬ ತಂದ ಕೆಂಡ ತುಟಿಗೆ ತಗುಲಿದ ಮರುಗಳಿಗೆ ಅವನು ಜನರ ಬಳಿಗೆ ಹೊರಡಬೇಕಾಯಿತು ಎಂಬುದು ಮರೆತೇಹೋಗುತ್ತದೆ.

ನನಗಂತೂ ಯಾಜಕಕಾಂಡದ 19ನೇ ಅಧ್ಯಾಯ ಇನ್ನೂ ಹೆಚ್ಚು ಅಂಜಿಕೆ ಹುಟ್ಟಿಸುತ್ತದೆ. ದೇವರು ಪರಿಶುದ್ಧನಾದ್ದರಿಂದ ಅವನ ಜನರೂ ಪರಿಶುದ್ಧರಾಗಿರಬೇಕು ಎಂದು ಶುರುವಾಗುವ ಆ ಅಧ್ಯಾಯ, ತಂದೆತಾಯಿ, ಸಬ್ಬತ್ತು, ಯಜ್ಞದ ಮಾತನ್ನು ಬೇಗ ಮುಗಿಸಿ ಹೊಲಕ್ಕಿಳಿಯುತ್ತದೆ. ಅಂಚಿನ ತೆನೆ ಕೊಯ್ಯಬಾರದು, ಹಕ್ಕಲಾಯಬಾರದು. ಅದು ಬಡವರ ಪಾಲು, ಪರದೇಶದಿಂದ ಬಂದವರ ಪಾಲು. ಕೂಲಿಯಾಳಿನ ಕೂಲಿ ಬೆಳಗಿನ ತನಕ ಧಣಿಯ ಹತ್ತಿರ ಉಳಿಯಬಾರದು. ಕಿವುಡರನ್ನು ಶಪಿಸಬಾರದು, ಕುರುಡರ ದಾರಿಗೆ ಅಡ್ಡಿ ಇಡಬಾರದು. ತಕ್ಕಡಿ, ತೂಕದ ಕಲ್ಲು, ಕಾಳಿನ ಅಳತೆ, ಎಣ್ಣೆಯ ಅಳತೆ ಎಲ್ಲವೂ ನೆಟ್ಟಗಿರಬೇಕು.

ಗಮನಿಸಿ. ಕಿವುಡನಿಗೆ ಬೈಗುಳ ಕೇಳಿಸದು. ಕುರುಡನಿಗೆ ಕಲ್ಲಿಟ್ಟವರು ಕಾಣಿಸರು. ಕೊಳ್ಳಲು ಬಂದವಳಿಗೆ ತೂಕದ ಕಲ್ಲು ಸುಳ್ಳೆಂದು ಗೊತ್ತಾಗದು. ಕೂಲಿಯವನಿಗೆ ಗೊತ್ತಾಗುತ್ತದೆ, ಆದರೆ ನಾಳೆಯೂ ಅದೇ ಧಣಿಯ ಮುಂದೆ ಕೆಲಸಕ್ಕೆ ನಿಲ್ಲಬೇಕಾದವನು ಬಾಯಿ ಬಿಡುವುದೆಲ್ಲಿಂದ ಬಂತು? ಸಾಕ್ಷಿ ಹೇಳುವವರೇ ಇಲ್ಲದ ಇಂಥ ಜಾಗಗಳಲ್ಲಿ ದೇವರು ತನ್ನ ಪರಿಶುದ್ಧತೆಯ ಹೆಸರು ಹಿಡಿದು ಬಂದು ನಿಲ್ಲುತ್ತಾನೆ.

ನಮ್ಮ ಕಡೆ ಪರಿಶುದ್ಧತೆ ಅಂದೊಡನೆ ಮನಸ್ಸು ಮಡಿಯತ್ತ ಹೊರಳುತ್ತದೆ. ಯಾರನ್ನು ದೂರ ಇಡಬೇಕೆಂಬ ಲೆಕ್ಕ ಶುರುವಾಗುತ್ತದೆ. ಜಾತಿ ನೋಡಿ ಕೂರಿಸಿದ ಚರ್ಚುಗಳು ಈ ದೇಶದಲ್ಲಿದ್ದವು. ಯಾಜಕಕಾಂಡದಲ್ಲೂ ಮೈಲಿಗೆಯ ಕಟ್ಟಳೆಗಳು ಬೇಕಾದಷ್ಟಿವೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಕೈಚಾಚಿ ಕುಷ್ಠರೋಗಿಯನ್ನು ಮುಟ್ಟುತ್ತಾನೆ. ರೋಗಿಯ ಮೈಲಿಗೆ ಇತ್ತ ಅಂಟಲಿಲ್ಲ, ಯೇಸುವಿನ ಶುದ್ಧಿ ಅತ್ತ ಹರಿಯಿತು. ಮಡಿಯ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು.

ಇನ್ನು ಕೆಲವೇ ದಿನಗಳಲ್ಲಿ ನಿಮ್ಮಲ್ಲಿ ಹಲವರಿಗೆ ಒಂದೊಂದು ಸಭೆಯ ಹೊಣೆ ಬರುತ್ತದೆ. ಪರಿಶುದ್ಧತೆಯ ಮೇಲೆ ಪ್ರಸಂಗ ಬರೆಯಲು ಕೂರುವ ಮುಂಚೆ ಸಭೆಯ ಲೆಕ್ಕದ ಪುಸ್ತಕ ತರಿಸಿಕೊಳ್ಳಿ. ಚರ್ಚು ಗುಡಿಸುವ ಹೆಂಗಸಿಗೆ, ರಾತ್ರಿ ಕಾವಲಿನವನಿಗೆ ಈ ತಿಂಗಳ ಸಂಬಳ ಸಂದಿದೆಯೇ ನೋಡಿ. ಬಾಕಿಯಿದ್ದರೆ ಅಂದೇ ಸಂಜೆಯೊಳಗೆ ಕೊಡಿಸಿ. ಪ್ರಸಂಗ ಮುಂದಿನ ಭಾನುವಾರಕ್ಕಿರಲಿ.