ಒಬ್ಬನ ತಲೆಗೆ ಹಿಡಿಯದ ಕೆಲಸ
(ನಮ್ಮ ಸಂಘದ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ದೊಡ್ಡದೊಂದು ಸಂಸ್ಥೆಯನ್ನು ಒಬ್ಬ ನಾಯಕ ಹೇಗೆ ನಡೆಸುತ್ತಾನೆ, ಎಲ್ಲಿ ಎಡವುತ್ತಾನೆ ಎಂಬುದು ಇಂದಿನ ವಿಷಯ. ಇದಕ್ಕಾಗಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರನ್ನು ಆರಿಸಿಕೊಂಡಿದ್ದೇವೆ. ಹೋಟೆಲಿನವರಿಗೂ ಗಿರಣಿಯವರಿಗೂ ಅಮೆರಿಕದ ಗೊಡವೆ ಏಕೆಂದು ಹಿಂದಿನ ಬೆಂಚಿನಿಂದ ಆಗಲೇ ಪ್ರಶ್ನೆ ಬಂದಿದೆ. ಹೇಳುತ್ತೇವೆ.

ಹತ್ತು ಮೇಜಿನ ಖಾನಾವಳಿಯಲ್ಲಿ ಗಲ್ಲಾದಲ್ಲಿ ಕುಳಿತ ಧಣಿಗೆ ಒಲೆಯೂ ಕಾಣುತ್ತದೆ, ಬಾಗಿಲೂ ಕಾಣುತ್ತದೆ. ಮೂರು ಮಾಳಿಗೆಯ ಹೋಟೆಲಾದರೆ ಮೋರಿಯ ಬಳಿ ತಟ್ಟೆ ತೊಳೆಯುವ ಹುಡುಗನಿಗೆ ಗೊತ್ತಿರುವುದು ಮೇನೇಜರಿಗೆ ಗೊತ್ತಿರುವುದಿಲ್ಲ. ಸಂಘ ಬೆಳೆದರೆ ಅದಕ್ಕೂ ಇದೇ ಪಾಡು. ಆಶ್ಬಿ ಎಂಬ ಇಂಗ್ಲಿಷ್ ಮನೋವೈದ್ಯರು 1956ರಲ್ಲಿ ಇದನ್ನೊಂದು ನಿಯಮವಾಗಿಯೇ ಬರೆದರು: ಹತೋಟಿಯಲ್ಲಿಡಬೇಕಾದ ಸಂಗತಿಗೆ ಎಷ್ಟು ಬಗೆಯ ತಿರುವುಗಳಿವೆಯೋ, ಹತೋಟಿ ಮಾಡುವವನ ಬಳಿಯೂ ಅಷ್ಟು ಬಗೆಯ ಉತ್ತರಗಳಿರಬೇಕು. ಗಿರಾಕಿ ಹತ್ತು ಬಗೆಯಲ್ಲಿ ಕೇಳುವಾಗ ಒಂದೇ ಉತ್ತರ ಕಲಿತ ಮಾಣಿ ಏನು ಮಾಡಿಯಾನು?

ಕೆನೆಡಿಯವರ ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ದಂಡನಾಯಕರಾಗಿದ್ದವರು. ಸಮಿತಿ, ಉಪಸಮಿತಿ, ಟಿಪ್ಪಣಿ, ಎಲ್ಲವೂ ಕ್ರಮವಾಗಿ ಬರಬೇಕು. ಕೆನೆಡಿಯವರಿಗೆ ಅದು ಬೇಸರ. 1961ರಲ್ಲಿ ಬಂದವರೇ ಆ ಸಮಿತಿಗಳನ್ನು ಕಿತ್ತು, ಕೆಲವರೊಡನೆ ಮಾತಾಡಿ ಕೆಲಸ ಸಾಗಿಸತೊಡಗಿದರು. ಅದೇ ಏಪ್ರಿಲ್ 17ರಂದು ಸುಮಾರು 1,400 ಮಂದಿ ದೇಶಭ್ರಷ್ಟ ಕ್ಯೂಬನ್ನರನ್ನು ಕ್ಯೂಬಾದ ಬೇ ಆಫ್ ಪಿಗ್ಸ್ ಎಂಬಲ್ಲಿ ಇಳಿಸಲಾಯಿತು. ಯೋಜನೆ ಗುಪ್ತಚಾರ ಇಲಾಖೆಯದು. ತೂಗಿ ನೋಡಿದವರೂ ಅವರೇ. ಸೋತರೆ ಬೆಟ್ಟ ಸೇರಿಕೊಳ್ಳಬಹುದು ಎಂದಿದ್ದರು. ಇಳಿಯುವ ಜಾಗ ಬದಲಾದ ಮೇಲೆ ಬೆಟ್ಟಕ್ಕೂ ದಡಕ್ಕೂ ನಡುವೆ ಮೈಲಿಗಟ್ಟಲೆ ಜೌಗು ಬಿತ್ತು. ನಕ್ಷೆ ಬಿಡಿಸಿ ಇದನ್ನು ಒತ್ತಿ ಹೇಳಿದವರಿಲ್ಲ. ಷ್ಲೆಸಿಂಜರ್ ಎಂಬ ಸಲಹೆಗಾರರು ಬೇಡವೆಂದು ಕಾಗದ ಬರೆದುಕೊಟ್ಟಿದ್ದರೂ ದೊಡ್ಡವರ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಮೂರು ದಿನಗಳಲ್ಲಿ ಎಲ್ಲ ಮುಗಿದು, 1,100ಕ್ಕೂ ಹೆಚ್ಚು ಮಂದಿ ಸೆರೆಯಾದರು.

ಮುಂದಿನ ವರ್ಷ ಅದೇ ಕ್ಯೂಬಾ. ರಷ್ಯದ ಅಣ್ವಸ್ತ್ರ ಕ್ಷಿಪಣಿಗಳು ಅಲ್ಲಿವೆಯೆಂದು 1962ರ ಅಕ್ಟೋಬರ್ 16ರಂದು ಕೆನೆಡಿಯವರಿಗೆ ತಿಳಿಯಿತು. ಮೊದಲ ದಿನ ಅವರ ಒಲವೂ ಬಾಂಬು ಹಾಕುವ ಕಡೆಗೇ ಇತ್ತು. ಆದರೆ ಈ ಸಲ ಹತ್ತು ಹನ್ನೆರಡು ಜನರನ್ನು ಕೂಡಿಸಿ ವಾದಿಸಲು ಬಿಟ್ಟರು. ಕೆಲವು ಸಭೆಗಳಿಗೆ ತಾವೇ ಹೋಗಲಿಲ್ಲ. ಯಜಮಾನ ಎದುರಿಗಿದ್ದರೆ ಜನ ಅವನ ಮುಖ ನೋಡಿ ಮಾತಾಡುತ್ತಾರಲ್ಲವೇ? ಮಾಸ್ಕೋದಲ್ಲಿ ರಾಯಭಾರಿಯಾಗಿದ್ದ ಥಾಂಪ್ಸನ್ ಕ್ರುಶ್ಚೇವರನ್ನು ಬಲ್ಲವರು. ಅಧ್ಯಕ್ಷರ ಮಾತಿಗೇ ಎದುರಾಡಿ, ಸಂಧಾನಕ್ಕೆ ದಾರಿಯಿದೆ ಎಂದರು. ಬಾಂಬಿನ ಬದಲು ಹಡಗುಗಳ ತಡೆ ಬಂತು. 28ರಂದು ಕ್ರುಶ್ಚೇವರು ಕ್ಷಿಪಣಿ ಹಿಂತೆಗೆದುಕೊಳ್ಳಲು ಒಪ್ಪಿದರು.

ಆ ಹತ್ತು ಹನ್ನೆರಡು ಜನರಿಗೂ ಎಲ್ಲ ಕಂಡಿತ್ತೆಂದು ತಿಳಿಯಬೇಡಿ. ದ್ವೀಪದಲ್ಲಿ 40,000ಕ್ಕೂ ಹೆಚ್ಚು ರಷ್ಯನ್ ಸೈನಿಕರಿದ್ದರು. ಇವರ ಲೆಕ್ಕ ಹತ್ತು ಸಾವಿರದ ಆಸುಪಾಸು. ದಾಳಿ ಮಾಡಿದ್ದರೆ ಏನಾಗುತ್ತಿತ್ತೋ!

ಒಂದು ಮಾತು ಮಾತ್ರ ನಮಗೆ ಹಿಡಿಸುವುದಿಲ್ಲ. ತುರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುತ್ತೇವೆಂದು 27ರ ರಾತ್ರಿ ಕೆನೆಡಿಯವರ ತಮ್ಮ ರಷ್ಯದ ರಾಯಭಾರಿಗೆ ಗುಟ್ಟಾಗಿ ಮಾತು ಕೊಟ್ಟರು. ಅಷ್ಟು ವಾದಿಸಿದ ಸಮಿತಿಯಲ್ಲಿಯೇ ಎಲ್ಲರಿಗೂ ಇದನ್ನು ತಿಳಿಸಲಿಲ್ಲ. ಯುದ್ಧ ತಪ್ಪಿತು, ನಿಜ. ಆದರೆ ನಾಳೆ ಪಗಾರದ ಮಾತಿಗೆ ಧಣಿಗಳ ಬಳಿ ಹೋಗುವ ನಮ್ಮವರು ಇಂಥದೊಂದು ಮಾತು ಕೊಟ್ಟು ಬಂದರೆ ನೀವು ಒಪ್ಪುತ್ತೀರಾ? ಈಗ ಚಹಾ ಬರುತ್ತದೆ. ಚರ್ಚೆಯನ್ನು ಇಲ್ಲಿಂದಲೇ ಹಿಡಿಯೋಣ. ಹಿಂದಿನ ಬೆಂಚಿನವರು ಮೊದಲು ಮಾತಾಡಲಿ.