ಹೊಗೆಕೊಳವೆಯ ಜರಡಿಯನ್ನು ಉಳಿಸಿಕೊಳ್ಳೋಣ

(ಶಿವನಿಯಲ್ಲಿ ಬಳಗದ ಸದಸ್ಯರು ಹಾಗೂ ರೈತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಗಳಲ್ಲಿ ಕಾಡು, ಕೆರೆ, ನದಿಗಳ ಮಾತು ಬರುವುದು ರೂಢಿ. ಇಂದು ನಾನು ಆರಿಸಿಕೊಂಡಿರುವುದು ನಮ್ಮ ಕಣದ ಅಂಚಿನಲ್ಲಿ ನಿಂತಿರುವ ಪಿಕಪ್ ಗಾಡಿಯ ವಿಷಯ. ಈ ಸೀಮೆಯ ಅಮೃತಮಹಲ್ ಎತ್ತುಗಳು ಒಂದು ಕಾಲಕ್ಕೆ ಮೈಸೂರು ಸೈನ್ಯದ ಸಾಮಗ್ರಿಗಳನ್ನೇ ಎಳೆದು ಖ್ಯಾತಿ ಪಡೆದವು. ಇಂದು ನಮ್ಮ ಈರುಳ್ಳಿ, ಅಡಿಕೆ, ತೆಂಗಿನಕಾಯಿಗಳು ಡೀಸೆಲ್ ಪಿಕಪ್‌ಗಳಲ್ಲಿ ಮಾರುಕಟ್ಟೆ ಸೇರುತ್ತವೆ. ಈ ಗಾಡಿಗಳಿಲ್ಲದೆ ನಮ್ಮ ಬೇಸಾಯ ನಡೆಯದು. ಆದ್ದರಿಂದಲೇ ಅವುಗಳ ಹೊಗೆಯ ಹೊಣೆಯೂ ನಮ್ಮದೇ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಹೊಸ ವಾಹನಗಳಿಗೆ ಭಾರತ್ ಸ್ಟೇಜ್-6 ಮಾನದಂಡ ಜಾರಿಗೆ ಬಂದಿತು. ಆಗ ಕೊಂಡ ಹಲವು ಗಾಡಿಗಳ ವಾರಂಟಿ ಮುಗಿದಿದೆ. ದೀಪ ಹತ್ತಿಕೊಂಡಾಗಲೆಲ್ಲ ಖರ್ಚಿನ ಭಯ. ಅಂಥ ಹೊತ್ತಿನಲ್ಲಿ, "ಆ ಫಿಲ್ಟರ್ ತೆಗೆಸಿಬಿಡಿ, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬದಲಿಸಿದರೆ ದೀಪವೂ ಹತ್ತದು, ಮೈಲೇಜೂ ಹೆಚ್ಚುತ್ತದೆ" ಎಂಬ ಸಲಹೆ ಕಿವಿಗೆ ಬೀಳುತ್ತದೆ. ಈ ಸಲಹೆಯನ್ನು ಒಪ್ಪುವ ಮೊದಲು ತೆಗೆಯುವುದೇನು ಎಂಬುದನ್ನು ತಿಳಿಯಬೇಕು.

ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಮುಖ್ಯವಾಗಿ ಎರಡು ಕೇಡುಗಳಿವೆ: ಒಂದು ಮಸಿ, ಇನ್ನೊಂದು ಸಾರಜನಕದ ಆಕ್ಸೈಡುಗಳು. ಮಸಿಯನ್ನು ಹಿಡಿಯುವುದು ಡಿಪಿಎಫ್ ಎಂಬ ಜರಡಿ. ಅದು ಜೇನುಗೂಡಿನಂಥ ಪಿಂಗಾಣಿ ದಿಮ್ಮಿ. ಅದರ ಸಣ್ಣ ಕೊಳವೆಗಳ ಒಂದೊಂದು ತುದಿಯನ್ನು ಮುಚ್ಚಿರುತ್ತಾರೆ. ಗಾಳಿ ಗೋಡೆಯ ರಂಧ್ರಗಳ ಮೂಲಕ ಹಾಯುತ್ತದೆ, ಮಸಿ ಹಿಂದುಳಿಯುತ್ತದೆ. ಹಾಗೆ ಸೇರಿದ ಮಸಿಯನ್ನು ಎಂಜಿನ್ ಆಗಾಗ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ತಾನೇ ಸುಡುತ್ತದೆ. ಸಾರಜನಕದ ಆಕ್ಸೈಡುಗಳನ್ನು ತಗ್ಗಿಸಲು ಇಜಿಆರ್ ಎಂಬ ಕವಾಟವಿದೆ. ಅದು ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸಿ ದಹನದ ಉಷ್ಣತೆಯನ್ನು ಇಳಿಸುತ್ತದೆ. ಕೆಲವು ಗಾಡಿಗಳಲ್ಲಿ ಯೂರಿಯಾ ದ್ರಾವಣದ ತೊಟ್ಟಿಯೂ ಇರುತ್ತದೆ. ಬಿಸಿ ಹೊಗೆಯಲ್ಲಿ ಯೂರಿಯಾ ಅಮೋನಿಯಾ ಆಗಿ ಒಡೆಯುತ್ತದೆ; ಆ ಅಮೋನಿಯಾ ಸಾರಜನಕದ ಆಕ್ಸೈಡುಗಳನ್ನು ನಿರುಪದ್ರವಿಯಾದ ಸಾರಜನಕ ಮತ್ತು ನೀರನ್ನಾಗಿ ಮಾಡುತ್ತದೆ.

ಇದರಿಂದಾದ ಲಾಭವೆಷ್ಟು? 3.5 ಟನ್‌ವರೆಗಿನ ಸರಕು ಗಾಡಿಗಳಲ್ಲಿ ಭಾರವಾದ ವರ್ಗಕ್ಕೆ ಭಾರತ್ ಸ್ಟೇಜ್-4ರಲ್ಲಿ ಕಿಲೋಮೀಟರಿಗೆ 60 ಮಿಲಿಗ್ರಾಂ ಕಣಗಳಿಗೆ ಅನುಮತಿಯಿತ್ತು. ಸ್ಟೇಜ್-6ರಲ್ಲಿ ಅದು 4.5 ಮಿಲಿಗ್ರಾಂ. ಸಾರಜನಕದ ಆಕ್ಸೈಡುಗಳ ಮಿತಿ 390ರಿಂದ 125 ಮಿಲಿಗ್ರಾಂಗೆ ಇಳಿಯಿತು. ಜರಡಿ ತೆಗೆಸುವುದೆಂದರೆ ಮಸಿಯ ಮಟ್ಟಿಗೆ ಒಂದು ಗಾಡಿಯನ್ನು ಹಲವು ಗಾಡಿಗಳನ್ನಾಗಿ ಮಾಡಿದಂತೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಲ್ಲಿ ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಇಂಥ ಉಪಕರಣಗಳನ್ನು ತೆಗೆಯಲಾಗಿತ್ತು. ಅದರ ಪರಿಣಾಮ 90 ಲಕ್ಷ ಹೆಚ್ಚುವರಿ ಪಿಕಪ್‌ಗಳು ರಸ್ತೆಗಿಳಿದುದಕ್ಕೆ ಸಮವೆಂದು ವರದಿ ಅಂದಾಜಿಸಿತು.

ಮಸಿಯ ಮೊದಲ ಬಲಿ ಗಾಡಿಯ ಹಿಂದೆ ಕುಳಿತು ಮೂಟೆ ಕಾಯುವ ಕೂಲಿಯಾಳು, ಶಾಲೆಗೆ ನಡೆದು ಹೋಗುವ ಮಗು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಸ್ಪಷ್ಟವಾಗಿ ವರ್ಗೀಕರಿಸಿದೆ.

ಕೃಷಿ ವಿಜ್ಞಾನಿಯಾಗಿ ನನ್ನನ್ನು ಕಾಡುವುದು ಎರಡನೆಯ ಕೇಡು. ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ವರ್ತಿಸಿ ನೆಲಮಟ್ಟದ ಓಝೋನ್ ಆಗುತ್ತವೆ. ಅದು ಗಾಳಿಯೊಡನೆ ದೂರ ಸಾಗಿ, ಎಲೆಯ ಪತ್ರರಂಧ್ರಗಳಿಂದ ಒಳಹೊಕ್ಕು ಜೀವಕೋಶಗಳನ್ನು ಕೆಡಿಸುತ್ತದೆ. ಈರುಳ್ಳಿ ಇದಕ್ಕೆ ಸೂಕ್ಷ್ಮವಾದ ಬೆಳೆಗಳಲ್ಲೊಂದು. ಓಝೋನ್ ತಗುಲಿದಾಗ ಈರುಳ್ಳಿ ಎಲೆಯ ತುದಿ ಸುಡುವುದನ್ನೂ, ಪತ್ರರಂಧ್ರ ಮುಚ್ಚಿಕೊಳ್ಳಬಲ್ಲ ತಳಿಗಳು ಅದರಿಂದ ಪಾರಾಗುವುದನ್ನೂ ಅಮೆರಿಕದ ಸಂಶೋಧಕರು 1960ರ ದಶಕದಲ್ಲೇ ತೋರಿಸಿದ್ದರು. ಒಂದು ಪಿಕಪ್ಪಿನ ಹೊಗೆ ಪಕ್ಕದ ಹೊಲವನ್ನು ಸುಡುವುದಿಲ್ಲ. ಎಲೆತುದಿ ಒಣಗಲು ರೋಗ, ಕೀಟ, ನೀರಿನ ಕೊರತೆಗಳೂ ಕಾರಣವಾಗುತ್ತವೆ. ಆದರೆ ಊರೂರಿನ ಗಾಡಿಗಳ ಹೊಗೆ ಸೇರುವ ಆಕಾಶ ಒಂದೇ.

ಇನ್ನು ರೈತರ ದೂರುಗಳು. ಅವುಗಳಲ್ಲಿ ಸತ್ಯವಿದೆ. ತೋಟದಿಂದ ಮನೆಗೆ, ಮನೆಯಿಂದ ಸೊಸೈಟಿಗೆ ನಿಧಾನವಾಗಿ ಓಡುವ ಗಾಡಿಯಲ್ಲಿ ಹೊಗೆ ಸಾಕಷ್ಟು ಕಾಯುವುದಿಲ್ಲ. ಮಸಿ ಸುಡದೆ ಜರಡಿ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಕಠಿಣವಲ್ಲ. ಜರಡಿಯ ದೀಪ ಹತ್ತಿದರೆ ತಡಮಾಡದೆ ಗಾಡಿಯ ಕೈಪಿಡಿ ಹೇಳಿದಂತೆ ಬೀರೂರು–ತರೀಕೆರೆಯಂಥ ಹೆದ್ದಾರಿಯಲ್ಲಿ ಒಂದೇ ಸಮನಾದ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಮಸಿ ಸುಡುತ್ತಿರುವಾಗ ನಡುವೆ ಎಂಜಿನ್ ನಿಲ್ಲಿಸಬಾರದು. ಆ ಹೊತ್ತಿನಲ್ಲಿ ಹೊಗೆಕೊಳವೆ ಬಹಳ ಕಾದಿರುವುದರಿಂದ ರಾಗಿ ಹುಲ್ಲು, ಒಣ ತರಗೆಲೆಗಳ ಮೇಲೆ ಗಾಡಿ ನಿಲ್ಲಿಸಲೇಬಾರದು. ಬೇಸಿಗೆಯಲ್ಲಿ ಬಣವೆಗೂ ಬೆಟ್ಟಕ್ಕೂ ಬೆಂಕಿ ತಗುಲೀತು. ತಯಾರಕರು ಸೂಚಿಸಿದ ಕಡಿಮೆ ಬೂದಿಯ ಎಂಜಿನ್ ಆಯಿಲನ್ನೇ ಹಾಕಿಸಬೇಕು. ಡೀಸೆಲಿಗೆ ಸೀಮೆಎಣ್ಣೆ ಬೆರೆಸಬಾರದು. ಸ್ಟೇಜ್-6ರ ಇಂಧನದಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗಕ್ಕಿಂತ ಹೆಚ್ಚಿರಬಾರದೆಂಬ ನಿಯಮವಿದೆ.

ಯೂರಿಯಾ ತೊಟ್ಟಿಯುಳ್ಳವರಿಗೆ ಒಂದು ಎಚ್ಚರಿಕೆ. ಹೊಲಕ್ಕೆ ತಂದ ಚೀಲದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸುರಿಯುವ ಜಾಣತನ ಬೇಡ. ಗಾಡಿಯ ದ್ರಾವಣದಲ್ಲಿ ಶೇಕಡಾ 32.5 ಶುದ್ಧ ಯೂರಿಯಾ, ಉಳಿದದ್ದು ಲವಣರಹಿತ ನೀರು. ಹೊಲದ ಯೂರಿಯಾದಲ್ಲಿ ಬೇವಿನ ಎಣ್ಣೆಯ ಲೇಪವೂ ಬೈಯುರೆಟ್ ಎಂಬ ಕಲ್ಮಶವೂ ಇರುತ್ತವೆ. ಅವು ಸಿಂಪಡಿಸುವ ನಳಿಕೆಯನ್ನೂ ವೇಗವರ್ಧಕವನ್ನೂ ಹಾಳುಗೆಡಹುತ್ತವೆ. ಮೇಲಾಗಿ, ಸಹಾಯಧನದ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧ.

ಕಾನೂನೂ ಸ್ಪಷ್ಟವಾಗಿದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಹೊಗೆ ತಪಾಸಣೆಯ ಚೀಟಿ ಸಿಕ್ಕಿತೆಂದು ಸಮಾಧಾನಪಡುವಂತಿಲ್ಲ. ಡೀಸೆಲ್ ಗಾಡಿಗಳಿಗೆ ಆ ತಪಾಸಣೆ ಅಳೆಯುವುದು ಹೊಗೆಯ ದಟ್ಟಣೆಯನ್ನು. ಸಾರಜನಕದ ಆಕ್ಸೈಡುಗಳನ್ನು ಅದು ಕಾಣುವುದೇ ಇಲ್ಲ.

ಆದರೆ ರೈತರಿಗೆ ದಂಡದ ಭಯ ತೋರಿಸಿ ನಮ್ಮ ಬಳಗ ಕೈತೊಳೆದುಕೊಳ್ಳಬಾರದು. ಪಟ್ಟಣದ ಗಾಳಿಗೂ ನೆರವಾಗುವ ಉಪಕರಣದ ದುರಸ್ತಿಯ ಭಾರವನ್ನು ಸಣ್ಣ ಹಿಡುವಳಿದಾರನೊಬ್ಬನೇ ಹೊರುವುದು ನ್ಯಾಯವೇ? ಈ ಉಪಕರಣಗಳಿಗೆ ದೀರ್ಘಾವಧಿಯ ವಾರಂಟಿ, ತಾಲ್ಲೂಕು ಕೇಂದ್ರದಲ್ಲೇ ಜರಡಿ ಶುಚಿಗೊಳಿಸುವ ವ್ಯವಸ್ಥೆ, ಅರ್ಥವಾಗುವ ಕನ್ನಡದಲ್ಲಿ ಕೈಪಿಡಿ, ಸ್ಥಳೀಯ ಮೆಕ್ಯಾನಿಕ್‌ಗಳಿಗೆ ತರಬೇತಿ ಬೇಕು. ಇವನ್ನು ತಯಾರಕರಿಂದಲೂ ಸರ್ಕಾರದಿಂದಲೂ ನಾವು ಒಟ್ಟಾಗಿ ಕೇಳಬೇಕು.

"ಹಳೆಯ ಲಾರಿಗಳು ಕರಿಹೊಗೆ ಕಾರುತ್ತಿರುವಾಗ ನಮ್ಮ ಗಾಡಿಗಷ್ಟೇ ಏಕೆ ಈ ಕಟ್ಟುಪಾಡು?" ಎಂದು ಕೇಳುವವರಿದ್ದಾರೆ. ಹಳೆಯ ಲಾರಿಗಳು ದಿನೇ ದಿನೇ ಕಡಿಮೆಯಾಗಲಿವೆ. ಹೊಸವನ್ನೂ ಹಾಗೆಯೇ ಮಾಡಿಬಿಟ್ಟರೆ ಆ ಹೊಗೆಗೆ ಕೊನೆಯಿಲ್ಲ. ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ಆದೇಶದಿಂದ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಾಗ ಈ ಜಿಲ್ಲೆಯ ಪರಿಸರಾಸಕ್ತರು ಹೆಮ್ಮೆಪಟ್ಟರು. ದೊಡ್ಡ ಕಂಪನಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಸಣ್ಣ ಗಾಡಿಗೂ ಕೇಳಿಕೊಳ್ಳುವ ನೈತಿಕ ಧೈರ್ಯ ನಮಗಿರಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಬಳಗದ ಸದಸ್ಯರ ಯಾವ ಗಾಡಿಯಿಂದಲೂ ಈ ಉಪಕರಣಗಳನ್ನು ತೆಗೆಸುವುದಿಲ್ಲವೆಂದು ಇಂದೇ ನಿರ್ಣಯಿಸೋಣ. ತೊಂದರೆಗೊಳಗಾದ ಗಾಡಿಗಳ ಪಟ್ಟಿ ಮಾಡಿ, ದುರಸ್ತಿಯ ಬೇಡಿಕೆಯನ್ನು ಒಂದೇ ಮನವಿಯಾಗಿ ಸಲ್ಲಿಸೋಣ.